ಅವ್ವ ಹೋದ ದಿಕ್ಕು

ಜನ್ನಾಪುರ, ಭದ್ರಾವತಿ
೨೧-೧೧-೧೯೯೮, ಶನಿವಾರ

ಪ್ರೀತಿಯ ಉಮಕ್ಕನಿಗೆ,

ನಿನ್ನ ತಂಗಿ ಪುಷ್ಪಳ ನಮಸ್ಕಾರಗಳು. ನೀನು, ಭಾವನವರು, ಮಲ್ಲಿಕ್ ಮೂವರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಮಂಡಿನೋವು ಈಗ ಹೇಗಿದೆ? ಅವ್ವನ ಶಿವಗಣಾರಾಧನೆಯ ದಿನ ನೀನು ಊಟ ಮುಗಿಸಿ ಗೋಡೆ ಹಿಡಿದುಕೊಂಡು ಏಳುತ್ತಿದ್ದುದನ್ನು ನೋಡಿ ಕೈ ಕೊಡೋಣವೆಂದು ಹತ್ತಿರ ಬಂದೆ. ನೀನು ಮುಖ ತಿರುಗಿಸಿಕೊಂಡೆ. ಆಗ ಕೇಳಲಾಗದ್ದನ್ನು ಈಗ ಕೇಳುತ್ತಿದ್ದೇನೆ. ಗುಲ್ಬರ್ಗದಲ್ಲಿ ಈಗ ಬಿಸಿಲು ಸ್ವಲ್ಪ ಇಳಿದಿರಬೇಕು. ಭಾವನವರು ಬಿ.ಪಿ. ಮಾತ್ರೆ ತಪ್ಪಿಸದೆ ತೆಗೆದುಕೊಳ್ಳುತ್ತಿದ್ದಾರೆ ತಾನೇ? ಬ್ಯಾಂಕಿನ ಕೆಲಸದ ಗಡಿಬಿಡಿಯಲ್ಲಿ ಮರೆಯುತ್ತಾರೆ ಎಂದು ನೀನೇ ಒಮ್ಮೆ ಬರೆದಿದ್ದೆ. ಮಲ್ಲಿಕ್‌ಗೆ ಪರೀಕ್ಷೆ ಹತ್ತಿರ ಬಂದಿದೆಯೇನೋ. ರಾತ್ರಿ ಓದಿ ಕಣ್ಣು ಕೆಡಿಸಿಕೊಳ್ಳಬೇಡವೆಂದು ಚಿಕ್ಕಮ್ಮ ಹೇಳಿದಳೆಂದು ಹೇಳು.

ಇಲ್ಲಿ ಸೌಂದರ್ಯ ಕಾಲೇಜಿಗೆ ಹೋಗಿ ಬರುತ್ತಿದ್ದಾಳೆ. ಅವ್ವ ಮಲಗುತ್ತಿದ್ದ ಕೋಣೆ ಮೊದಲು ಅವಳದೇ ಆಗಿತ್ತಲ್ಲ, ಅದನ್ನು ತೊಳೆದು, ಸುಣ್ಣ ಹೊಡೆಸಿ, ಅವಳ ಪುಸ್ತಕವನ್ನೆಲ್ಲ ಮತ್ತೆ ಅಲ್ಲಿ ಜೋಡಿಸಿದ್ದೇನೆ. ಅವಳು ಅಲ್ಲಿ ಓದುವುದೂ ಇಲ್ಲ, ಮಲಗುವುದೂ ಇಲ್ಲ. ಅಡುಗೆಮನೆ ಬಾಗಿಲ ಹತ್ತಿರ ಚಾಪೆ ಹಾಸಿಕೊಳ್ಳುತ್ತಾಳೆ. ಯಾಕೆ ಎಂದು ನಾನು ಕೇಳಿಲ್ಲ.

ಈ ಕವರಿನ ಮೇಲೆ ವಿಳಾಸ ಬರೆದವಳು ಅವಳೇ. ನನ್ನ ಅಕ್ಷರ ಕಂಡರೆ ನೀನು ಒಡೆಯುವುದಿಲ್ಲವೆಂದು ಹಾಗೆ ಬರೆಸಿದೆ. ಇವರು ದೀಪಾವಳಿಯಾದ ಮೇಲೆ ಬರೆದ ಕಾಗದವನ್ನು ನೀನು ಹಾಗೇ ವಾಪಸ್ ಕಳಿಸಿದ್ದು ಬಂದು ಸೇರಿತು. ಎಸ್.ಟಿ.ಡಿ. ಬೂತಿಗೆ ಹೋಗಿ ಎರಡು ಸಲ ಫೋನ್ ಮಾಡಿದೆವು. ನಮ್ಮ ದನಿ ಕೇಳಿ ನೀನು ಇಟ್ಟುಬಿಟ್ಟೆ. ನಿನ್ನ ಸಿಟ್ಟು ತಪ್ಪು ಎನ್ನಲು ನನಗೆ ಬಾಯಿಲ್ಲ. ಆದರೆ ಅದು ಬೀಳಬಾರದವರ ಮೇಲೆ ಬಿದ್ದಿದೆ. ಆ ದಿನ ನಮ್ಮ ಅಂಗಳದಲ್ಲಿ ನೆಂಟರೆಲ್ಲ ಕೂತಿದ್ದಾಗ ನೀನು ಇವರಿಗೆ ಅಂದ ಮಾತು ಈಗಲೂ ಕಿವಿಯಲ್ಲಿದೆ. "ಕಾಡಲ್ಲಿ ಬಿಟ್ಟು ಬರೋಕೇ ಕರ್ಕೊಂಡು ಹೋಗಿದ್ರಾ? ನಮ್ಮವ್ವ ಅಷ್ಟು ಭಾರ ಆಗಿದ್ಲಾ ನಿಮಗೆ?" ಇವರು ಕೈಮುಗಿದು, "ತಪ್ಪಾಯ್ತು ಅತ್ತಿಗೆ" ಎಂದು ಅಲ್ಲೇ ನಿಂತುಬಿಟ್ಟರು. ಆವತ್ತಿನಿಂದ ಇವರು ಸರಿಯಾಗಿಲ್ಲ. ಅದನ್ನು ಹೇಳಲೆಂದೇ ಕೂತೆ. ನಡೆದದ್ದನ್ನು ನೀನು ಪೂರ್ತಿ ಕೇಳಿಸಿಕೊಂಡಿಲ್ಲ, ನಾವೂ ಪೂರ್ತಿ ಹೇಳಿಲ್ಲ.

ಅವ್ವ ನಮ್ಮಲ್ಲಿದ್ದ ಮೂರು ವರ್ಷದ್ದನ್ನು ನಾನು ನಿನಗೆ ಬಿಡಿಸಿ ಬರೆದವಳಲ್ಲ. ದೂರದಲ್ಲಿ ಕೂತು ಕೊರಗುತ್ತೀಯೆಂದು ಮೇಲೆಮೇಲೆ ಬರೆಯುತ್ತಿದ್ದೆ. ಮೊದಲನೇ ವರ್ಷ ಬರೀ ಮರೆವು. ಹಾಲು ಒಲೆಯ ಮೇಲಿಟ್ಟು ಮರೆಯುವುದು, ಸ್ನಾನ ಮಾಡಿದ್ದನ್ನು ಮರೆತು ಮತ್ತೆ ಮಾಡುವುದು. ಎರಡನೇ ವರ್ಷ ನನ್ನನ್ನೇ ಮರೆತಳು. "ಯಾರಮ್ಮಾ ನೀನು? ಈ ಮನೇಲಿ ಕೆಲಸಕ್ಕಿದೀಯಾ?" ಎಂದು ಕೇಳುತ್ತಿದ್ದಳು. ನಿನ್ನ ಹೆಸರು ಮಾತ್ರ ಕೊನೆವರೆಗೂ ಬಾಯಲ್ಲಿತ್ತು. ನಾನು ಅನ್ನ ಕಲಸಿ ಬಾಯಿಗಿಟ್ಟರೆ, "ಉಮಾ ಬರ್ಲಿ, ಉಮಾ ತಿನ್ನಿಸ್ತಾಳೆ" ಎಂದು ತುಟಿ ಬಿಗಿ ಹಿಡಿಯುತ್ತಿದ್ದಳು. ಇದನ್ನು ಹೊಟ್ಟೆಕಿಚ್ಚಿನಿಂದ ಬರೆಯುತ್ತಿಲ್ಲ ಅಕ್ಕಾ. ಇರಲಿ, ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು. ಶಿವಮೊಗ್ಗದ ಡಾಕ್ಟರು ನೋಡಿ, "ಇದು ಇನ್ನು ಇಳಿಮುಖವೇ ಅಮ್ಮಾ, ಹುಷಾರಾಗಿ ನೋಡ್ಕೊಳ್ಳಿ" ಎಂದು ಒಂದು ಮಾತ್ರೆ ಬರೆದುಕೊಟ್ಟರು. ಅದರಿಂದ ನಿದ್ದೆ ಬರುತ್ತಿತ್ತು, ಅಷ್ಟೆ.

ಮೂರನೇ ವರ್ಷ ಅವಳು ಎದ್ದು ಹೋಗುವುದಕ್ಕೆ ಶುರು ಮಾಡಿದಳು. ಬಾಗಿಲು ತೆಗೆದಿದ್ದರೆ ಸಾಕು, ಸೆರಗು ಸರಿ ಮಾಡಿಕೊಂಡು ಹೊರಟುಬಿಡುವಳು. ಎಲ್ಲಿಗೆ ಎಂದರೆ ಶಿವಮೊಗ್ಗದ ನವುಲೆಗೆ. ಅಪ್ಪಾಜಿ ಈಗ ಕೃಷಿ ಕಾಲೇಜಿರುವ ತೋಟದಲ್ಲಿ ಕೆಲಸಕ್ಕಿದ್ದಾಗ ನಾವಿದ್ದ ಮನೆ ಇತ್ತಲ್ಲ, ಅಲ್ಲಿಗೆ. "ಅವರು ಊಟಕ್ಕೆ ಬರೋ ಹೊತ್ತಾಯ್ತು, ಇನ್ನೂ ಸೊಪ್ಪು ಸೋಸಿಲ್ಲ" ಎನ್ನುವಳು. ಅಪ್ಪಾಜಿ ಹೋಗಿ ಹನ್ನೊಂದು ವರ್ಷವಾಯಿತು ಎಂದು ಮೊದಮೊದಲು ಹೇಳುತ್ತಿದ್ದೆ. ಪ್ರತಿ ಸಲವೂ ಆಗಷ್ಟೇ ಸುದ್ದಿ ಬಂದಂತೆ ಅಳುತ್ತಿದ್ದಳು. ಆಮೇಲೆ ಹೇಳುವುದನ್ನೇ ಬಿಟ್ಟೆ. ಎಷ್ಟು ಸಲ ಬಸ್ ಸ್ಟಾಪಿನಿಂದ ಕರೆದುಕೊಂಡು ಬಂದಿದ್ದೇನೋ ಲೆಕ್ಕವಿಲ್ಲ. ಒಂದು ಸಲ ಸ್ನಾನಕ್ಕೆ ಹೋಗಿದ್ದವಳು ಒದ್ದೆ ತಲೆಯಲ್ಲೇ ರಸ್ತೆಗೆ ಓಡಿದ್ದೇನೆ. ಹಾಸಿಗೆ ಒದ್ದೆ, ಸೀರೆ ಒದ್ದೆ, ದಿನಕ್ಕೆ ಮೂರು ಸಲ ಒಗೆತ. ಆಗಸ್ಟಿನಲ್ಲಿ ಒಂದು ದಿನ ನನ್ನ ಕೈ ಕಚ್ಚಿದಳು, ನಾನು ಕೆನ್ನೆಗೆ ಹೊಡೆದೆ. ಹೆತ್ತವ್ವನನ್ನು ಹೊಡೆದೆ ಅಕ್ಕಾ. ಅವಳು ಕೆನ್ನೆ ಹಿಡಿದುಕೊಂಡು, "ನಮ್ಮ ಉಮಾಗೆ ಹೇಳ್ತೀನಿ ನೋಡು" ಎಂದಳು. ಆ ವಾರವೇ ನಿನಗೆ, ಮೂರು ತಿಂಗಳ ಮಟ್ಟಿಗಾದರೂ ಅವ್ವನನ್ನು ಕರೆದುಕೊಂಡು ಹೋಗು ಎಂದು ಬರೆದದ್ದು. ಮನೆ ಚಿಕ್ಕದು, ಮೂರನೇ ಮಹಡಿ, ಊರಿನ ಸೆಕೆ ತಡೆಯಲಾರಳು ಎಂದು ನೀನು ಬರೆದೆ. ಎಲ್ಲವೂ ನಿಜವೇ. ನಾನು ಮತ್ತೆ ಕೇಳಲಿಲ್ಲ.

ಇಷ್ಟರಲ್ಲಿ ಇವರ ಕಾರ್ಖಾನೆಯ ಸೆಕ್ಷನ್‌ನವರೆಲ್ಲ ಸೇರಿ ಒಂದು ದಿನದ ಟೂರ್ ಹೊರಡಿಸಿದರು. ಅಕ್ಟೋಬರ್ ಹನ್ನೊಂದು, ಭಾನುವಾರ. ಬೆಳಗ್ಗೆ ಹೊರಟು ಶೃಂಗೇರಿ, ಅಲ್ಲಿಂದ ಕುದುರೆಮುಖದ ರಾಷ್ಟ್ರೀಯ ಉದ್ಯಾನ, ಜಲಪಾತಗಳನ್ನು ನೋಡಿಕೊಂಡು ರಾತ್ರಿಗೆ ವಾಪಸ್. ನಾನು ಬರುವುದಿಲ್ಲ ಎಂದೆ. ಅವ್ವನನ್ನು ಯಾವಾಗಲಾದರೂ ಒಂದೆರಡು ಗಂಟೆ ನೋಡಿಕೊಳ್ಳುತ್ತಿದ್ದ ಪಕ್ಕದ ಮನೆ ಜಲಜಮ್ಮ ಮಗಳ ಬಾಣಂತನಕ್ಕೆಂದು ಗಾಜನೂರಿಗೆ ಹೋಗಿದ್ದರು. ಇವರು ಬಿಡಲಿಲ್ಲ. "ಮೂರು ವರ್ಷ ಆಯ್ತು ನೀನು ಈ ಬೀದಿ ದಾಟಿ. ಅತ್ತೇನೂ ಕರ್ಕೊಂಡು ಹೋಗೋಣ ಮಾರಾಯ್ತಿ, ಕಿಟಕಿ ಪಕ್ಕ ಕೂರಿಸಿದ್ರೆ ಮಗು ಥರ ಇರ್ತಾರೆ" ಎಂದರು. ನೋಡು, ಬಿಟ್ಟು ಬರಲು ಕರೆದುಕೊಂಡು ಹೋದದ್ದಲ್ಲ. ನನಗೊಂದು ದಿನ ಉಸಿರಾಡಲು ಆಗಲಿ, ಅತ್ತೆಗೂ ಗಾಳಿ ಬೆಳಕು ಸಿಗಲಿ ಎಂದು ಕರೆದುಕೊಂಡು ಹೋದದ್ದು.

ಮಿನಿ ಬಸ್ಸು ಇನ್ನೂ ನಸುಗತ್ತಲಿರುವಾಗಲೇ ಹೊರಟಿತು. ಅವ್ವ ನಿಜವಾಗಿಯೂ ಮಗುವಿನ ಹಾಗಿದ್ದಳು. ಹಿಂದಿನ ಸೀಟಿನ ಹೆಂಗಸರು ಅಂತ್ಯಾಕ್ಷರಿ ಆಡಿದರೆ ಇವಳು ತೊಡೆಯ ಮೇಲೆ ತಾಳ ಹಾಕುತ್ತಿದ್ದಳು. ಬಸ್ಸು ನಿಂತಲ್ಲೆಲ್ಲ, "ನವುಲೆ ಬಂತಾ?" ಎಂದು ಕೇಳುವಳು. ಇನ್ನೊಬ್ಬರಾಗಿದ್ದರೆ ನಗುತ್ತಿದ್ದರೇನೋ, ಇವರು ಪ್ರತಿ ಸಲವೂ, "ಇನ್ನೊಂದ್ ಸ್ವಲ್ಪ ದೂರ ಅತ್ತೆ" ಎಂದು ಉತ್ತರ ಕೊಡುತ್ತಿದ್ದರು. ಶೃಂಗೇರಿಯಲ್ಲಿ ಹೊಳೆಯ ಮೆಟ್ಟಿಲ ಮೇಲೆ ಕೂರಿಸಿ ಮೀನಿಗೆ ಹಾಕಲು ಮಂಡಕ್ಕಿ ಕೊಟ್ಟೆವು. ಮೀನು ಗುಂಪುಗುಂಪಾಗಿ ಬಂದು ಬಾಯಿ ತೆರೆಯುವುದನ್ನು ನೋಡಿ ಅವಳು ನಕ್ಕ ನಗು ನಾನು ಎಷ್ಟೋ ವರ್ಷದಿಂದ ಕಂಡಿರಲಿಲ್ಲ. ಅರ್ಧ ಮಂಡಕ್ಕಿ ಮೀನಿಗೆ, ಅರ್ಧ ತಾನೇ ತಿಂದಳು. ಸೌಂದರ್ಯ ಅಜ್ಜಿಯ ಬಾಯಿ ಒರೆಸಿದಳು. ಆಗ ನನಗೂ, ಬಂದದ್ದು ಒಳ್ಳೆಯದಾಯಿತು ಎನ್ನಿಸಿತ್ತು.

ಶೃಂಗೇರಿ ದಾಟಿದ ಮೇಲೆ ಕಾಡು. ರಸ್ತೆ ಪಕ್ಕದಲ್ಲೇ ಬೀಳುವ ಕಡಾಂಬಿ ಜಲಪಾತವನ್ನು ಬಸ್ಸಿನಿಂದಿಳಿದು ಎಲ್ಲರೂ ನೋಡಿದೆವು, ಅವ್ವನೂ ನೋಡಿದಳು. ಅಲ್ಲಿಂದ ಮುಂದೆ ಹೋದರೆ ಇನ್ನೊಂದು, ಅದು ದೊಡ್ಡದು, ರಸ್ತೆಯಿಂದ ಕೆಳಕ್ಕೆ ಇನ್ನೂರೋ ಮುನ್ನೂರೋ ಮೆಟ್ಟಿಲು ಇಳಿದು ಹೋಗಬೇಕು. ಬಸ್ಸನ್ನು ಸ್ವಲ್ಪ ಆಚೆ, ತಿರುವಿನಲ್ಲಿ ಜಾಗವಿದ್ದ ಕಡೆ ನಿಲ್ಲಿಸಿದರು. ಚಿತ್ರಾನ್ನ, ಮೊಸರನ್ನ ತಿಂದಾಗ ಒಂದೂವರೆ ಆಗಿತ್ತು. ಅವ್ವನಿಗೆ ಮೆಟ್ಟಿಲು ಆಗದು. ಹಾಗಾಗಿ ಮೊದಲು ಇವರೂ ಸೌಂದರ್ಯಳೂ ಉಳಿದವರ ಜೊತೆ ಇಳಿದರು. ನಾನು ಮೇಲೆ, ಮೆಟ್ಟಿಲು ಶುರುವಾಗುವಲ್ಲಿದ್ದ ಕಲ್ಲಿನ ಬೆಂಚಿನ ಮೇಲೆ ಅವ್ವನ ಜೊತೆ ಕೂತೆ. ಎರಡೂ ಕಾಲಿನ ಹೊತ್ತಿಗೆ ಇವರೊಬ್ಬರೇ ಏದುಸಿರು ಬಿಡುತ್ತ ಹತ್ತಿ ಬಂದು, "ಈಗ ನೀನು ಹೋಗಿ ಬಾ. ಸೌಂದರ್ಯ ಕೆಳಗೆ ಕಾಯ್ತಿದಾಳೆ. ಅತ್ತೆ ಜೊತೆ ನಾನಿರ್ತೀನಿ" ಎಂದರು. ನಾನು ಎದ್ದೆ. ಅಷ್ಟರಲ್ಲಿ ಮೋಡ ಕವಿದು ಗಾಳಿ ಎದ್ದಿತ್ತು. ಅವ್ವ, "ಚಳಿ ಕಣಪ್ಪಾ" ಎಂದು ಮೈ ಮುದುಡಿಕೊಂಡಳು. "ಸ್ವೆಟರ್ ತರ್ತೀನಿ, ಇಲ್ಲೇ ಕೂತಿರಿ ಅತ್ತೆ, ಏಳಬೇಡಿ" ಎಂದು ಇವರು ಬಸ್ಸಿನ ಕಡೆ ಹೋದರು. ಸ್ವೆಟರಿದ್ದ ಚೀಲ ಯಾರದೋ ಸಾಮಾನಿನ ಅಡಿಯಲ್ಲಿ ಸಿಕ್ಕಿಕೊಂಡಿತ್ತಂತೆ. ಹುಡುಕಿ ತೆಗೆದು ತರುವುದಕ್ಕೆ ಐದು ನಿಮಿಷ, ಹೆಚ್ಚೆಂದರೆ ಎಂಟು. ಅಷ್ಟೇ ಅಕ್ಕಾ, ಇವರು ಮಾಡಿದ ತಪ್ಪು. ವಾಪಸ್ ಬಂದಾಗ ಬೆಂಚು ಖಾಲಿ.

ಆ ಹೊತ್ತಿಗೆ ನಾನು ಕೆಳಗಿದ್ದೆ. ನೀರಿನ ಸದ್ದಿಗೆ ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ. ಮೇಲಿಂದ ಬೆಳ್ಳಗೆ ಬೀಳುವ ನೀರು ಬಂಡೆಗೆ ಬಡಿದು ಹೊಗೆಯಂತೆ ಏಳುತ್ತಿತ್ತು. ಕನ್ನಡಕ ಒದ್ದೆಯಾಯಿತು, ಮುಖ ಒದ್ದೆಯಾಯಿತು. ಸೌಂದರ್ಯ ನನ್ನ ಕೈ ಹಿಡಿದು ಬಂಡೆಯ ತನಕ ಕರೆದುಕೊಂಡು ಹೋದಳು. ನಾನು ಕಾಲು ಇಳಿಬಿಟ್ಟು ಕೂತೆ. ಎಷ್ಟು ಹೊತ್ತು ಕೂತಿದ್ದೆನೋ, ಇವರು ಮೆಟ್ಟಿಲ ಮೇಲಿಂದ ಸ್ವೆಟರ್ ಕೈಯಲ್ಲಿ ಹಿಡಿದುಕೊಂಡೇ ಓಡಿ ಬರುತ್ತಿರುವುದು ಕಾಣಿಸಿತು. "ಅತ್ತೆ ನಿನ್ನ ಹಿಂದೆ ಬಂದ್ರಾ? ನೀನು ನೋಡ್ಲಿಲ್ವಾ?" ಎಂದು ಕಿವಿಯ ಹತ್ತಿರ ಕೂಗಿ ಕೇಳಿದರು. ನಾನು ಇಲ್ಲ ಎಂದೆ.

ಮಗಳನ್ನು ಹುಡುಕಿಕೊಂಡು ಮೆಟ್ಟಿಲು ಇಳಿದಿರಬೇಕು, ಕಾಲು ಜಾರಿರಬೇಕು ಎಂದು ಎಲ್ಲರೂ ಅಂದುಕೊಂಡರು. ಗಂಡಸರೆಲ್ಲ ಮೆಟ್ಟಿಲ ಎರಡೂ ಬದಿಯ ಪೊದೆ ಬಡಿದು ನೋಡಿದರು. ಈಜು ಬರುವ ಇಬ್ಬರು ನೀರಿಗಿಳಿದರು. ಇವರಿಗೆ ಈಜು ಬಾರದು, ಆದರೂ ಎದೆಮಟ್ಟದವರೆಗೆ ಹೋಗಿ ಕೋಲಿನಿಂದ ಕೆದಕುತ್ತ, "ಅತ್ತೇ, ಅತ್ತೇ" ಎಂದು ಕರೆಯುತ್ತಿದ್ದರು. ನೀರೊಳಗೆ ಇರುವವರನ್ನು ಕರೆದರೆ ಕೇಳಿಸುತ್ತದೆಯೇ? ಇವರು ಕರೆಯುತ್ತಲೇ ಇದ್ದರು. ಅರಣ್ಯ ಇಲಾಖೆಯ ಕಾವಲುಗಾರರು ಬಂದರು. ಆರು ಗಂಟೆಗೆ ಕತ್ತಲಾಯಿತು. ಹೆಂಗಸರನ್ನೂ ಮಕ್ಕಳನ್ನೂ ಬಸ್ಸಿನಲ್ಲಿ ಹಿಂದಕ್ಕೆ ಕಳಿಸಿದರು. ನಾನೂ ಸೌಂದರ್ಯಳೂ ಆ ಬಸ್ಸಿನಲ್ಲೇ ಬಂದೆವು. ಇವರೂ ಇನ್ನಿಬ್ಬರೂ ಕಾವಲುಗಾರರ ಚೌಕಿಯಲ್ಲಿ ಒದ್ದೆ ಬಟ್ಟೆಯಲ್ಲೇ ಉಳಿದರು. ಅವ್ವ ಕೂತಿದ್ದ ಸೀಟಿನಲ್ಲಿ ನಾಲ್ಕು ಮಂಡಕ್ಕಿ ಕಾಳು ಬಿದ್ದಿದ್ದವು.

ಸೋಮವಾರ ಮಧ್ಯಾಹ್ನ ಇವರ ಜೊತೆ ಕೆಲಸ ಮಾಡುವ ಮನೋಹರ ಅವರ ಜೀಪಿನಲ್ಲಿ ನಾನು ಮತ್ತೆ ಅಲ್ಲಿಗೆ ಹೋದೆ. ಅಷ್ಟು ಹೊತ್ತಿಗೆ ಪೊಲೀಸರೂ ಬಂದಿದ್ದರು. ಇನ್ನೂ ನೀರಿನ ಕಡೆಯೇ ಹುಡುಕುತ್ತಿದ್ದರು. ನಾನು ರಸ್ತೆಯ ಆಚೆ ಬದಿಯ ಕಾಲುದಾರಿ ತೋರಿಸಿ, ಅಲ್ಲಿ ನೋಡಿದ್ದೀರಾ ಎಂದು ಕೇಳಿದೆ. "ಅಷ್ಟು ವಯಸ್ಸಾದೋರು ಆ ಏರು ಹತ್ತೋಕಾಗಲ್ಲಮ್ಮ" ಎಂದರು ಕಾವಲುಗಾರರು. ನಾನು ಒತ್ತಾಯ ಮಾಡಿದ್ದಕ್ಕೆ ಸಂಜೆ ಸ್ವಲ್ಪ ದೂರ ಹೋಗಿ ಬಂದರು. ಮಂಗಳವಾರ ಬೆಳಗ್ಗೆ ಸೌದೆಗೆ ಹೊರಟಿದ್ದ ಕರಿಯಮ್ಮ ಎಂಬ ಹೆಂಗಸು ಅದೇ ದಾರಿಯಲ್ಲಿ, ರಸ್ತೆಯಿಂದ ಒಂದು ಮೈಲಿಯೂ ಇಲ್ಲದ ಜಾಗದಲ್ಲಿ, ಅವ್ವನನ್ನು ಕಂಡು ಓಡಿ ಬಂದು ಹೇಳಿದಳು.

ಅವ್ವ ಒಂದು ಮರದ ಬುಡಕ್ಕೆ ಒರಗಿ ಕೂತಿದ್ದಳು. ನೀನು ನೋಡಿದ್ದು ಆಸ್ಪತ್ರೆಯವರು ಬಿಳಿ ಬಟ್ಟೆ ಸುತ್ತಿ ಕೊಟ್ಟ ಮೇಲೆ. ನಾನು ನೋಡಿದ್ದು ಕೂತಿದ್ದ ಹಾಗೇ. ಎಲ್ಲೂ ಗಾಯವಿರಲಿಲ್ಲ, ಯಾವ ಪ್ರಾಣಿಯೂ ಮುಟ್ಟಿರಲಿಲ್ಲ. ಕೊರಳಲ್ಲಿ ಲಿಂಗ ಹಾಗೇ ಇತ್ತು. ಕಾಲಲ್ಲಿ ಒಂದೇ ಚಪ್ಪಲಿ. ಮಡಿಲಲ್ಲಿ ಸೆರಗು ಕಟ್ಟಿಕೊಂಡು ಅದರ ತುಂಬ ಸೊಪ್ಪು ಕಿತ್ತು ಇಟ್ಟುಕೊಂಡಿದ್ದಳು. ಯಾವುದೋ ಕಾಡು ಸೊಪ್ಪು, ತಿನ್ನುವಂಥದ್ದಲ್ಲ. ಅರ್ಧವನ್ನು ಸೋಸಿ, ದಂಟು ಒಂದು ಕಡೆ ಎಲೆ ಒಂದು ಕಡೆ ಮಾಡಿದ್ದಳು. ಪೊಲೀಸರು ಅದನ್ನೂ ಬರೆದುಕೊಂಡರು. ಚಳಿಗೇ ಹೋಗಿರುವುದು, ಸೋಮವಾರ ಬೆಳಗಿನ ಜಾವದವರೆಗೂ ಜೀವವಿದ್ದಿರಬೇಕು ಎಂದು ಡಾಕ್ಟರು ಹೇಳಿದರು. ಎಂದರೆ ಭಾನುವಾರ ರಾತ್ರಿ ಇಡೀ. ಇವರಿಗೆ ಈ ಮಾತು ಹೇಳಬೇಡಿ ಎಂದು ನಾನು ಡಾಕ್ಟರನ್ನು ಕೇಳಿಕೊಳ್ಳುವ ಮೊದಲೇ ಇವರು ಕೇಳಿಸಿಕೊಂಡಾಗಿತ್ತು.

ಆ ದಾರಿಯನ್ನು ತೋರಿಸಿದವಳು ನಾನೇ ಎಂದು ಅಲ್ಲಿದ್ದವರೆಲ್ಲ ಹೊಗಳಿದರು. "ಮಗಳ ಮನಸ್ಸಿಗೆ ಹೇಗೆ ಹೊಳೀತು ನೋಡಿ" ಎಂದು ಮನೋಹರ ಬೀದಿಯವರಿಗೆಲ್ಲ ಹೇಳಿದರು. ನಿನ್ನ ಕಿವಿಗೂ ಬಿದ್ದಿರಬೇಕು. ಶಿವಮೊಗ್ಗದ ರುದ್ರಭೂಮಿಯಲ್ಲಿ ಅಪ್ಪಾಜಿಯ ಗದ್ದುಗೆಯ ಪಕ್ಕದಲ್ಲೇ ಅವ್ವನಿಗೂ ಜಾಗವಾಯಿತು. ಅದೊಂದಕ್ಕೆ ನೀನೂ ಸಮಾಧಾನಪಟ್ಟೆ ಎಂದು ಕಾಣುತ್ತದೆ.

ಈಗ ಇವರ ವಿಷಯ. ಇವರು ಕೆಲಸಕ್ಕೆ ಹೋಗಿ ಆರು ವಾರವಾಯಿತು. ಸಿಕ್ ಲೀವ್ ಮುಗಿಯಿತು, ಇನ್ನು ಬಾರದಿದ್ದರೆ ಕಷ್ಟ ಎಂದು ಸೂಪರ್‌ವೈಸರ್ ಹೇಳಿ ಕಳಿಸಿದ್ದಾರೆ. ತಟ್ಟೆಯ ಮುಂದೆ ಕೂರುತ್ತಾರೆ, ಎರಡು ತುತ್ತು ತಿಂದು ಕೈ ತೊಳೆಯುತ್ತಾರೆ. ಹೋದ ಸಲ ದಾಡಿ ಮಾಡಿಕೊಂಡದ್ದು ಶಿವಗಣಾರಾಧನೆಯ ದಿನ. ಭಾನುವಾರ ಬಂತೆಂದರೆ ಬೆಳಗ್ಗೆ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗಿ, ಅಲ್ಲಿಂದ ಶೃಂಗೇರಿ ಬಸ್ಸು, ಅಲ್ಲಿಂದ ಮುಂದಕ್ಕೆ ಇನ್ನೊಂದು. ಹೀಗೆ ನಾಲ್ಕು ಭಾನುವಾರ ಹೋಗಿ ಬಂದಿದ್ದಾರೆ. ಅಲ್ಲಿ ಹೋಗಿ ಏನು ಮಾಡುತ್ತೀರಿ ಎಂದರೆ, "ಆ ಬೆಂಚಿನ ಮೇಲೆ ಕೂತು ಬರ್ತೀನಿ" ಎನ್ನುತ್ತಾರೆ. ಒಂದು ದಿನ ಸೌಂದರ್ಯಳನ್ನು ಕರೆದು, "ಐದು ನಿಮಿಷ ಕಣಮ್ಮ, ಚೀಲ ಮೇಲೇ ಇದ್ದಿದ್ರೆ ಎರಡೇ ನಿಮಿಷ" ಎಂದು ಹೇಳಿದರಂತೆ. ಅವಳು ನನ್ನ ಹತ್ತಿರ ಬಂದು ಅತ್ತಳು.

ಮೊನ್ನೆ ಗುರುವಾರ ಸಂಜೆ ಮನೋಹರ ಇವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದು ಬಿಟ್ಟರು. ಭದ್ರಾ ಸೇತುವೆಯ ಮೇಲೆ, ಕಟ್ಟೆಯ ಆಚೆ ಬದಿಗೆ ಒಂದು ಕಾಲು ಹಾಕಿ ನಿಂತಿದ್ದರಂತೆ. "ಸುಮ್ನೆ ನೀರು ನೋಡ್ತಿದ್ದೆ" ಎಂದರು ಇವರು. ಮನೋಹರ ನನ್ನನ್ನು ಬಾಗಿಲ ಹೊರಗೆ ಕರೆದು, "ಒಬ್ಬರನ್ನೇ ಬಿಡಬೇಡಿ" ಎಂದು ಹೇಳಿ ಹೋದರು. ಕೊನೆಯ ವರ್ಷವೆಲ್ಲ ಅವ್ವನಿಗೆ ಹಾಕಿದ ಹಾಗೆ ಈಗ ಇವರಿಗೆ ಮುಂಬಾಗಿಲ ಚಿಲಕ ಹಾಕಿ ಕೂತಿದ್ದೇನೆ.

ಅದಕ್ಕೇ ಬೇಡಿಕೊಳ್ಳುತ್ತಿದ್ದೇನೆ. ಇವರ ಮೇಲಿನ ಸಿಟ್ಟು ಬಿಡು. ನೀನು ಇವರನ್ನು ಮದುವೆಯ ದಿನದಿಂದ ಕಂಡವಳು. ನನ್ನವ್ವನ ಒದ್ದೆ ಸೀರೆಯನ್ನು ನಾನಿಲ್ಲದಾಗ ಮುಖ ಸಿಂಡರಿಸದೆ ಹಿಂಡಿ ಒಣಗಿಸಿದ ಮನುಷ್ಯ ಇವರು. ನಿನ್ನಿಂದ ಎರಡು ಸಾಲು ಬಂದರೆ ಇವರು ಉಳಿಯುತ್ತಾರೆ. ಬೇರೆ ಯಾರು ಹೇಳಿದರೂ ಒಪ್ಪುತ್ತಿಲ್ಲ.

ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ಮಲ್ಲಿಕ್‌ಗೆ ಆಶೀರ್ವಾದ. ಸೌಂದರ್ಯ ದೊಡ್ಡಮ್ಮನಿಗೆ ನಮಸ್ಕಾರ ಹೇಳಿದ್ದಾಳೆ. ಮಂಡಿಗೆ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚುವುದನ್ನು ಬಿಡಬೇಡ. ನಿನಗೂ ನಿನ್ನ ಮನೆಗೂ ಶಿವ ಒಳ್ಳೆಯದು ಮಾಡಲಿ.

ನಿನ್ನ ತಂಗಿ
ಪುಷ್ಪ

ಮರೆತದ್ದು: ಮರೆತದ್ದಲ್ಲ ಅಕ್ಕಾ, ಬಿಟ್ಟದ್ದು. ಕವರಿಗೆ ಗೋಂದು ಹಚ್ಚುವ ಮುಂಚೆ ಬರೆದುಬಿಡುತ್ತೇನೆ. ಅವ್ವ ಎದ್ದು ಹೋಗುವುದನ್ನು ನಾನು ನೋಡಿದೆ. ಏಳೆಂಟು ಮೆಟ್ಟಿಲು ಇಳಿದು ತಿರುಗಿ ನೋಡಿದ್ದೆ. ಇವರ ಬೆನ್ನು ಬಸ್ಸಿನ ಕಡೆ ಹೋಗುತ್ತಿತ್ತು. ಅವ್ವ ಬೆಂಚಿನಿಂದ ಎದ್ದಳು, ಸೆರಗು ಸರಿ ಮಾಡಿಕೊಂಡಳು, ರಸ್ತೆ ದಾಟಿ ಆ ಕಾಲುದಾರಿ ಹಿಡಿದಳು. ಕೂಗಿದ್ದರೆ ಅವಳಿಗೂ ಕೇಳಿಸುತ್ತಿತ್ತು, ಇವರಿಗೂ ಕೇಳಿಸುತ್ತಿತ್ತು. ಬಾಯಿ ತೆರೆದೆ, ಕೂಗಲಿಲ್ಲ. ಸಾಯಲಿ ಎಂದುಕೊಳ್ಳಲಿಲ್ಲ, ಲಿಂಗ ಮುಟ್ಟಿ ಹೇಳುತ್ತೇನೆ. ಈ ಒಂದು ದಿನ ಬೇರೆ ಯಾರಾದರೂ ಓಡಿ ಹೋಗಿ ಕರೆದುಕೊಂಡು ಬರಲಿ, ನಾನು ನೀರು ನೋಡಬೇಕು ಎಂದುಕೊಂಡೆ. ಅಷ್ಟೇ. ಮತ್ತೆ ಮೆಟ್ಟಿಲು ಇಳಿದೆ. ಕೆಳಗೆ ಬಂಡೆಯ ಮೇಲೆ ಕೂತು ನಗುತ್ತಿದ್ದೆ ಅಕ್ಕಾ, ಸೌಂದರ್ಯ, "ಅಮ್ಮ ನಗ್ತಿದಾಳೆ ನೋಡ್ರೇ" ಎಂದು ಗೆಳತಿಯರನ್ನು ಕರೆದಳು.

ಇವರು ಓಡಿ ಬಂದು ಕೇಳಿದಾಗಲಾದರೂ ಹೇಳಬಹುದಿತ್ತು. ನೋಡಿದವಳು ಯಾಕೆ ಕೂಗಲಿಲ್ಲ ಎಂದು ಕೇಳುತ್ತಾರೆ ಎಂಬ ಹೆದರಿಕೆಗೆ ಇಲ್ಲ ಎಂದೆ. ಒಂದು ಸಲ ಇಲ್ಲ ಎಂದ ಮೇಲೆ ಗಂಟೆಗಂಟೆಗೂ ಅದನ್ನು ಬದಲಾಯಿಸುವುದು ಕಷ್ಟವಾಗುತ್ತ ಹೋಯಿತು. ಇವರು ಈಜು ಬಾರದಿದ್ದರೂ ನೀರಿನಲ್ಲಿ ನಿಂತು ಕರೆಯುತ್ತಿದ್ದರು, ನಾನು ದಡದಲ್ಲಿ ನಿಂತು ನೋಡುತ್ತಿದ್ದೆ, ಅವ್ವ ಯಾವ ಕಡೆ ಹೋದಳೆಂದು ಅಷ್ಟು ಜನರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಬಸ್ಸು ಹತ್ತಿ ಮನೆಗೂ ಬಂದೆ. ಆಗಲೂ ಅವಳು ಬದುಕಿದ್ದಳು.

ನಾಳೆ ಭಾನುವಾರ. ಇವರು ಮತ್ತೆ ಹೋಗಲು ಚೀಲ ಬಾಗಿಲ ಪಕ್ಕ ಇಟ್ಟುಕೊಂಡಿದ್ದಾರೆ. ಇದು ಡಬ್ಬಿಗೆ ಬಿದ್ದ ಕೂಡಲೇ ಇವರಿಗೂ ಹೇಳುತ್ತೇನೆ. ಮೊದಲು ನಿನಗೆ ಬರೆದದ್ದು ಇದಕ್ಕೇ, ಕಳಿಸಿದ ಮೇಲೆ ನನಗೆ ಹಿಂದೆ ಸರಿಯಲಾಗುವುದಿಲ್ಲ. ಇವರಿಗೆ ಮಾತ್ರ ಬರಿ, ಬೇಗ ಬರಿ. ನನಗೆ ಏನೂ ಬರೆಯಬೇಡ. ನಾಲ್ಕಕ್ಕೆ ಡಬ್ಬಿ ತೆಗೆಯುತ್ತಾರೆಂದು ಸೌಂದರ್ಯ ಚಪ್ಪಲಿ ಹಾಕಿಕೊಂಡು ನಿಂತಿದ್ದಾಳೆ. ಕೊಡುತ್ತಿದ್ದೇನೆ.